ಹದಿನೈದನೇ ಸ್ಥಾನದ ಊರು

ಅಕ್ಟೋಬರ್ ಬಂತು ಅಂದ್ರೆ ಡೆಟ್ರಾಯಿಟ್ ಸುತ್ತಮುತ್ತ ಮೂರು ಸಂಗತಿ ತಪ್ಪದೇ ನಡೆಯುತ್ತವೆ. ಮೇಪಲ್ ಮರದ ಎಲೆ ಕೆಂಪಾಗುತ್ತೆ. ಸೇಬು ಹಿಂಡುವ ಸೈಡರ್ ಮಿಲ್‌ಗಳ ಮುಂದೆ ಬಿಸಿ ಡೋನಟ್‌ಗೆ ಕ್ಯೂ ಬೆಳೆಯುತ್ತೆ. ಮತ್ತೆ, ಸಿಕ್ಕ ಸಿಕ್ಕವರೆಲ್ಲ ಒಂದು ಪಟ್ಟಿ ಬರೆಯೋಕೆ ಶುರು ಮಾಡ್ತಾರೆ. ಹಾಳೆಯ ಎಡಗಡೆ ಈಸ್ಟ್, ಬಲಗಡೆ ವೆಸ್ಟ್. ಎರಡೂ ಕಡೆ ಒಂದರಿಂದ ಹದಿನೈದು.

ಇದು ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಸೀಸನ್ ಶುರುವಾಗುವ ಮುಂಚಿನ ಆಟ. ಏಪ್ರಿಲ್‌ನಲ್ಲಿ ಯಾವ ತಂಡ ಯಾವ ಸ್ಥಾನದಲ್ಲಿ ನಿಂತಿರುತ್ತೆ ಅಂತ ಈಗಲೇ ಬರೆದಿಡಬೇಕು. ಐಪಿಎಲ್ ನೋಡುವ ನಮಗೆ ಇದೇನೂ ಹೊಸದಲ್ಲ. ‘ಈ ಸಲ ಕಪ್ ನಮ್ದೇ’ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದವರು ನಾವು. ಆದ್ರೆ ಇಲ್ಲಿನ ಲೆಕ್ಕ ಸ್ವಲ್ಪ ದೊಡ್ಡದು. ಐಪಿಎಲ್‌ನಲ್ಲಿ 10 ತಂಡ, ಲೀಗ್ ಹಂತದಲ್ಲಿ ತಲಾ 14 ಮ್ಯಾಚ್. ಇಲ್ಲಿ 30 ತಂಡ, ತಲಾ 82 ಮ್ಯಾಚ್. ತಂಡಗಳನ್ನು ಪೂರ್ವ, ಪಶ್ಚಿಮ ಅಂತ ಎರಡು ಕಾನ್ಫರೆನ್ಸ್ ಮಾಡಿ ಹಂಚಿದ್ದಾರೆ. ಪ್ರತಿ ಕಾನ್ಫರೆನ್ಸ್‌ನ ಮೊದಲ ಆರು ತಂಡ ನೇರವಾಗಿ ಪ್ಲೇಆಫ್‌ಗೆ ಹೋಗುತ್ತವೆ. 7ರಿಂದ 10ರವರೆಗಿನವು ಪ್ಲೇ-ಇನ್ ಅನ್ನುವ ಚಿಕ್ಕ ಸುತ್ತಿನಲ್ಲಿ ಉಳಿದ ಎರಡು ಜಾಗಕ್ಕೆ ಕಿತ್ತಾಡಬೇಕು. ಉಳಿದ ಐದು ಮನೆಗೆ.

ನಾನು ಡೆಟ್ರಾಯಿಟ್‌ನ ಹೊರವಲಯದಲ್ಲಿ, ಕಾರು ಕಂಪನಿಗಳಿಗೆ ಬ್ಯಾಟರಿ ಸಾಫ್ಟ್‌ವೇರ್ ಮಾಡಿಕೊಡುವ ಕಡೆ ಕೆಲಸ ಮಾಡ್ತೀನಿ. ಊರು ತುಮಕೂರು. ಕಾಲೇಜಿನಲ್ಲಿ ಎರಡು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದ್ದೆ, ಬೆಂಚಲ್ಲಿ ಕೂತದ್ದೇ ಹೆಚ್ಚು. 2024ರಲ್ಲಿ ಒಬ್ಬಳೇ ಇಲ್ಲಿಗೆ ಬಂದೆ. ಗಂಡ, ನಾಲ್ಕು ವರ್ಷದ ಮಗಳು ಬೆಂಗಳೂರಿನಲ್ಲೇ ಉಳಿದ್ರು. ಆ ಅಕ್ಟೋಬರ್‌ನಲ್ಲಿ ಆಫೀಸಿನ ಪ್ಯಾಂಟ್ರಿ ಗೋಡೆ ಮೇಲೆ ಇಪ್ಪತ್ತೊಂದು ಪಟ್ಟಿ ಅಂಟಿಸಿದ್ರು. ಊರಿನ ತಂಡ ಡೆಟ್ರಾಯಿಟ್ ಪಿಸ್ಟನ್ಸ್. ಹೆಚ್ಚಿನ ಪಟ್ಟಿಗಳಲ್ಲಿ ಅದರ ಜಾಗ 13, 14, ಇಲ್ಲವೇ 15. ಸ್ವಂತ ಊರಿನವರೇ ಹಾಗೆ ಬರೆದಿದ್ರು!

ಕಾರಣ ಇತ್ತು. ಹಿಂದಿನ ಸೀಸನ್‌ನಲ್ಲಿ, ಅಂದ್ರೆ 2023-24ರಲ್ಲಿ, ಪಿಸ್ಟನ್ಸ್ ಗೆದ್ದದ್ದು 14, ಸೋತದ್ದು 68. ಅದರಲ್ಲೂ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆವರೆಗೆ ಸತತ 28 ಸೋಲು. ಒಂದೇ ಸೀಸನ್‌ನಲ್ಲಿ ಅಷ್ಟು ಸಲ ಸಾಲಾಗಿ ಸೋತ ತಂಡ ಎನ್‌ಬಿಎಯಲ್ಲಿ ಬೇರೆ ಇರಲಿಲ್ಲ. ಪ್ರೇಕ್ಷಕರು ‘ತಂಡ ಮಾರಿಬಿಡಿ’ ಅಂತ ಮಾಲೀಕರಿಗೇ ಕೂಗಿದ್ರು.

ಒಂದೇ ರಸ್ತೆಯ ಕಥೆ

ಇಪ್ಪತ್ತೊಂದು ಪಟ್ಟಿಗಳಲ್ಲಿ ಒಂದೇ ಒಂದರಲ್ಲಿ ಪಿಸ್ಟನ್ಸ್ 9ನೇ ಸ್ಥಾನದಲ್ಲಿತ್ತು. ಅದನ್ನು ಬರೆದವರು ನಮ್ಮ ಟೆಸ್ಟ್ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ವಯಸ್ಸು ಅರವತ್ತು ದಾಟಿದೆ. ಅವರ ತಾತ, ಅಪ್ಪ ಇಬ್ಬರೂ ಕಾರು ಕಾರ್ಖಾನೆಯಲ್ಲಿ ದುಡಿದವರು. ನಾನು ಮನಸ್ಸಿನಲ್ಲಿ ಅವರನ್ನ ಅಂಕಲ್ ಅಂತಲೇ ಕರೆಯೋದು, ಎದುರಿಗೆ ಮಾತ್ರ ಇಲ್ಲಿನ ರೂಢಿ ಪ್ರಕಾರ ಹೆಸರು ಹಿಡಿದು ಮಾತಾಡಿಸಬೇಕು. ಇವತ್ತಿಗೂ ನಾಲಿಗೆ ತಡವರಿಸುತ್ತೆ.

“9 ಯಾಕೆ ಬರೆದ್ರಿ?” ಅಂದೆ.

“ಶನಿವಾರ ಬಿಡುವಿದ್ಯಾ? ವುಡ್‌ವರ್ಡ್ ಅವೆನ್ಯೂ ಪೂರ್ತಿ ನೋಡಿದ್ದೀಯಾ?” ಅಂದ್ರು.

ವುಡ್‌ವರ್ಡ್ ಅಂದ್ರೆ ಈ ಊರಿನ ಬೆನ್ನೆಲುಬು. ಉತ್ತರದ ಪಾಂಟಿಯಾಕ್‌ನಿಂದ ಹಿಡಿದು ದಕ್ಷಿಣದಲ್ಲಿ ಡೆಟ್ರಾಯಿಟ್ ನದಿಯವರೆಗೆ ಹೆಚ್ಚುಕಡಿಮೆ ನೇರವಾಗಿ ಬರುತ್ತೆ. ನದಿಯ ಆಚೆ ಕೆನಡಾ. ಅದೂ ಉತ್ತರಕ್ಕಲ್ಲ, ದಕ್ಷಿಣಕ್ಕೆ! ಅಮೆರಿಕದಲ್ಲಿ ಮೊದಲ ಒಂದು ಮೈಲಿ ಕಾಂಕ್ರೀಟ್ ರಸ್ತೆ ಹಾಕಿದ್ದೂ ಇದೇ ವುಡ್‌ವರ್ಡ್ ಮೇಲೆ, 1909ರಲ್ಲಿ.

ನಾವು ಪಾಂಟಿಯಾಕ್‌ನಿಂದ ಹೊರಟ್ವಿ. ಅಲ್ಲಿ ಒಂದು ಕಾಲಕ್ಕೆ ಸಿಲ್ವರ್‌ಡೋಮ್ ಅನ್ನೋ ಬೃಹತ್ ಸ್ಟೇಡಿಯಂ ಇತ್ತು. 1978ರಲ್ಲಿ ಪಿಸ್ಟನ್ಸ್ ಡೆಟ್ರಾಯಿಟ್ ನಗರ ಬಿಟ್ಟು ಅಲ್ಲಿಗೆ ಹೋಯ್ತು. 2017ರ ಡಿಸೆಂಬರ್‌ನಲ್ಲಿ ಅದನ್ನ ಸ್ಫೋಟಿಸಿ ಕೆಡವೋಕೆ ಮುಹೂರ್ತ ಇಟ್ರೆ, ಮೊದಲ ದಿನ ಕಟ್ಟಡ ಬೀಳಲೇ ಇಲ್ಲ. ಮರುದಿನ ಇನ್ನೊಂದು ಸಲ ಸ್ಫೋಟಿಸಬೇಕಾಯ್ತು. “ಈ ಊರಲ್ಲಿ ಬೀಳುತ್ತೆ ಅಂತ ಬರೆದಿಟ್ಟದ್ದು ಅಷ್ಟು ಸುಲಭಕ್ಕೆ ಬೀಳಲ್ಲ” ಅಂತ ಅಂಕಲ್ ನಕ್ಕರು. ಈಗ ಅಲ್ಲಿ ಅಮೆಜಾನ್ ಗೋದಾಮಿದೆ. ಪಕ್ಕದ ಆಬರ್ನ್ ಹಿಲ್ಸ್‌ನಲ್ಲಿ 1988ರಿಂದ 2017ರವರೆಗೆ ತಂಡದ ಮನೆಯಾಗಿದ್ದ ‘ಪ್ಯಾಲೇಸ್’ ಕೂಡ ಈಗಿಲ್ಲ. 1989, 1990, 2004, ಮೂರೂ ಚಾಂಪಿಯನ್‌ಶಿಪ್ ಬಂದದ್ದು ಆ ಮನೆಯಲ್ಲಿದ್ದಾಗಲೇ.

ದಕ್ಷಿಣಕ್ಕೆ ಬಂದ ಹಾಗೆ ರಾಯಲ್ ಓಕ್, ಫರ್ನ್‌ಡೇಲ್, ಕೆಫೆಗಳು, ಪುಸ್ತಕದಂಗಡಿಗಳು. ಆಮೇಲೆ ಎಂಟನೇ ಮೈಲಿ ರಸ್ತೆ. ಅದನ್ನ ದಾಟಿದ್ರೆ ಡೆಟ್ರಾಯಿಟ್ ನಗರ. ಸ್ವಲ್ಪ ಮುಂದೆ ಹೈಲ್ಯಾಂಡ್ ಪಾರ್ಕ್. 1913ರಲ್ಲಿ ಹೆನ್ರಿ ಫೋರ್ಡ್ ಚಲಿಸುವ ಅಸೆಂಬ್ಲಿ ಲೈನ್‌ನಲ್ಲಿ ಮಾಡೆಲ್-ಟಿ ಕಾರು ಜೋಡಿಸಿದ ಕಾರ್ಖಾನೆ ಇಲ್ಲೇ ಇದೆ. ಆಚೀಚೆ ಖಾಲಿ ಸೈಟುಗಳು, ಹಲಗೆ ಬಡಿದ ಕಿಟಕಿಗಳು. ನಾನು ಸುಮ್ಮನೆ ಕೂತಿದ್ದೆ.

ಅಂಕಲ್ ಹೇಳಿದ್ರು: “ನಮ್ಮೂರಿನ ಫೋಟೋ ಅಂದ್ರೆ ಎಲ್ಲರೂ ಇದನ್ನೇ ತೆಗೀತಾರೆ. ಮುಂದಿನ ಮೂರು ಮೈಲಿ ಯಾರೂ ತೆಗೆಯಲ್ಲ.”

ಮುಂದಿನ ಮೂರು ಮೈಲಿಯಲ್ಲಿ ಟ್ರಾಮ್ ಓಡುತ್ತೆ, ಟಿಕೆಟ್ ಇಲ್ಲ. ವಿಶ್ವವಿದ್ಯಾಲಯ ಇದೆ. ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಇದೆ. ಅದರ ಒಳಾಂಗಣದ ನಾಲ್ಕೂ ಗೋಡೆಗಳ ಮೇಲೆ ಮೆಕ್ಸಿಕೋದ ಡಿಯೆಗೊ ರಿವೆರಾ 1932-33ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಎಂಜಿನ್ ಎತ್ತುವ, ಉಕ್ಕು ಕರಗಿಸುವ ಕಾರ್ಮಿಕರು ದೇವಸ್ಥಾನದ ಗೋಡೆಯ ಶಿಲ್ಪಗಳ ಹಾಗೆ ಒಬ್ಬರಿಗೊಬ್ಬರು ತಾಗಿ ನಿಂತಿದ್ದಾರೆ. 2013ರ ಜುಲೈನಲ್ಲಿ ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿದಾಗ ಈ ಮ್ಯೂಸಿಯಂನ ಕಲಾಕೃತಿಗಳನ್ನೇ ಮಾರಿ ಸಾಲ ತೀರಿಸಬೇಕು ಅನ್ನೋ ಮಾತು ಬಂದಿತ್ತು. ದಾನಿ ಸಂಸ್ಥೆಗಳು, ರಾಜ್ಯ ಸರ್ಕಾರ ಸೇರಿ ಹಣ ಹಾಕಿದ್ದರಿಂದ ಉಳಿಯಿತು.

ಅದನ್ನ ದಾಟಿದ್ರೆ ಲಿಟಲ್ ಸೀಸರ್ಸ್ ಅರೀನಾ. 2017ರಲ್ಲಿ ಪಿಸ್ಟನ್ಸ್ ಮತ್ತೆ ನಗರಕ್ಕೆ ವಾಪಸ್ ಬಂದ ಜಾಗ. ಇಂಡಿಯಾನಾದ ಫೋರ್ಟ್ ವೇನ್ ಊರಲ್ಲಿ ಪಿಸ್ಟನ್ ತಯಾರಿಸುವ ಕಾರ್ಖಾನೆಯ ಮಾಲೀಕ ಕಟ್ಟಿದ ತಂಡ ಇದು, ಹೆಸರು ಬಂದದ್ದು ಅದರಿಂದ. 1957ರಲ್ಲಿ ಡೆಟ್ರಾಯಿಟ್‌ಗೆ ಬಂತು.

1957 ಅನ್ನೋ ಇಸವಿ ನೆನಪಿಟ್ಟುಕೊಳ್ಳಿ. 1950ರಲ್ಲಿ ಈ ನಗರದ ಜನಸಂಖ್ಯೆ ಹದಿನೆಂಟೂವರೆ ಲಕ್ಷ. 2020ರ ಜನಗಣತಿಯಲ್ಲಿ ಆರು ಲಕ್ಷ ಮೂವತ್ತೊಂಬತ್ತು ಸಾವಿರ. ಪ್ರತಿ ವರ್ಷ ಇಳಿಯುತ್ತಲೇ ಇತ್ತು. 2024ರ ಮೇನಲ್ಲಿ ಜನಗಣತಿ ಇಲಾಖೆಯ ಹೊಸ ಅಂದಾಜು ಬಂತು: 1957ರ ನಂತರ ಮೊದಲ ಸಲ ಡೆಟ್ರಾಯಿಟ್‌ನ ಜನಸಂಖ್ಯೆ ಏರಿದೆ. ಏರಿದ್ದು ಎರಡು ಸಾವಿರಕ್ಕೂ ಕಡಿಮೆ. ಆದ್ರೆ ಬಾಣದ ಗುರುತು ಮೇಲ್ಮುಖ.

ಪಟ್ಟಿ ಬರೆಯುವ ಲೆಕ್ಕ

ಆ ಸಂಜೆ ಪಿಜ್ಜಾ ತಿನ್ನೋಕೆ ಕೂತ್ವಿ. ಡೆಟ್ರಾಯಿಟ್ ಪಿಜ್ಜಾ ಚೌಕಾಕಾರ. ಕಾರ್ಖಾನೆಗಳಲ್ಲಿ ಬಿಡಿಭಾಗ ಹಾಕಿಡೋಕೆ ಬಳಸುತ್ತಿದ್ದ ಉಕ್ಕಿನ ತಟ್ಟೆಯಲ್ಲೇ ಅದನ್ನ ಬೇಯಿಸೋಕೆ ಶುರು ಮಾಡಿದ್ರಂತೆ. ಅಂಚಿನಲ್ಲಿ ಚೀಸ್ ಸೀದು ಗರಿಗರಿ, ನಮ್ಮ ದೋಸೆಯ ತಳದ ಹಾಗೆ. ಅಂಕಲ್ ಪೇಪರ್ ನ್ಯಾಪ್‌ಕಿನ್ ಮೇಲೆ ತಮ್ಮ ಲೆಕ್ಕ ಬರೆದು ತೋರಿಸಿದ್ರು. ನೀವೂ ಕಚೇರಿಯಲ್ಲಿ ಇಂಥ ಪಟ್ಟಿ ಮಾಡೋರಾದ್ರೆ ಉಪಯೋಗಕ್ಕೆ ಬರಬಹುದು.

ಮೊದಲನೆಯದು, ಎಲ್ಲಾ ತಂಡಗಳ ಗೆಲುವು ಕೂಡಿದ್ರೆ 1,230 ಬರಲೇಬೇಕು. 30 ತಂಡ, 82 ಮ್ಯಾಚ್, ಒಂದು ಮ್ಯಾಚಿಗೆ ಒಂದೇ ಗೆಲುವು. ನಮ್ಮ ಇಂಟರ್ನ್ ಹುಡುಗ ಎಲ್ಲ ತಂಡಗಳಿಗೂ ಇಷ್ಟಿಷ್ಟು ಗೆಲುವು ಅಂತ ಬರೆದಿದ್ದನ್ನ ಕೂಡಿದ್ರೆ 1,300 ದಾಟಿತ್ತು. ಎಲ್ಲರಿಗೂ ಒಳ್ಳೇದು ಬಯಸೋ ಮನಸ್ಸು! ಒಂದು ತಂಡವನ್ನ ಮೇಲೆ ಹತ್ತಿಸಬೇಕಾದ್ರೆ ಯಾರನ್ನ ಇಳಿಸ್ತೀಯ ಅಂತ ಹೆಸರು ಹೇಳಬೇಕು.

ಎರಡನೆಯದು, ಗೆಲುವಿನ ಸಂಖ್ಯೆಗಿಂತ ಅಂತರ ನೋಡು. ಪ್ರತಿ ಮ್ಯಾಚಿನಲ್ಲಿ ಸರಾಸರಿ ಎಷ್ಟು ಪಾಯಿಂಟ್‌ನಿಂದ ಗೆದ್ದಿದ್ದಾರೆ, ಸೋತಿದ್ದಾರೆ ಅನ್ನೋದು ನಮ್ಮ ನೆಟ್ ರನ್‌ರೇಟ್ ಇದ್ದ ಹಾಗೆ. ಒಂದೆರಡು ಪಾಯಿಂಟ್‌ನಲ್ಲಿ ಮುಗಿದ ಮ್ಯಾಚುಗಳಲ್ಲಿ ಅದೃಷ್ಟದ ಪಾಲು ಜಾಸ್ತಿ, ಮುಂದಿನ ವರ್ಷ ಅದು ಜೊತೆಗೆ ಬರಲ್ಲ.

ಮೂರನೆಯದು, ಎಲ್ಲವನ್ನೂ ಸ್ವಲ್ಪ ಮಧ್ಯಕ್ಕೆ ಎಳಿ. ತುಂಬ ಏರಿದ್ದು ಇಳಿಯುತ್ತೆ, ತುಂಬ ಇಳಿದದ್ದು ಏರುತ್ತೆ. 82ರ ಮಧ್ಯ 41. ಪಿಸ್ಟನ್ಸ್ ಗೆದ್ದದ್ದು 14. ಅಂತರ 27. ಅದರ ಮೂರನೇ ಒಂದು ಪಾಲು ಸೇರಿಸಿದ್ರೆ 23. ಬೆಟ್ಟಿಂಗ್ ಕಂಪನಿಗಳು ಆ ವರ್ಷ ಪಿಸ್ಟನ್ಸ್‌ಗೆ ಇಟ್ಟಿದ್ದ ಅಂದಾಜೂ 25ರ ಆಸುಪಾಸಿನಲ್ಲೇ ಇತ್ತು. ಇಷ್ಟು ಯಾರು ಬೇಕಾದ್ರೂ ಮಾಡಬಹುದು.

ನಾಲ್ಕನೆಯದು ಕಷ್ಟದ್ದು: ಕಳೆದ ವರ್ಷದ ಸೋಲಿಗೆ ಕಾರಣವಾದದ್ದು ಈ ವರ್ಷವೂ ಇದೆಯಾ? ಪಿಸ್ಟನ್ಸ್‌ನ ಮುಖ್ಯ ಆಟಗಾರ ಕೇಡ್ ಕನ್ನಿಂಗ್‌ಹ್ಯಾಮ್. 2021ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಹುಡುಗ. ಅವನ ಸುತ್ತ ದೂರದಿಂದ ಗುರಿ ಇಟ್ಟು ಹಾಕೋರು ಸಾಕಷ್ಟು ಇರಲಿಲ್ಲ. ಹಾಗಾಗಿ ಎದುರಾಳಿಗಳೆಲ್ಲ ಬಾಸ್ಕೆಟ್ ಕೆಳಗೇ ಗುಂಪುಗಟ್ಟಿ ನಿಂತು ಅವನ ದಾರಿ ಕಟ್ಟುತ್ತಿದ್ರು. 2024ರ ಬೇಸಿಗೆಯಲ್ಲಿ ಆಡಳಿತ ಬದಲಾಯ್ತು, ಕೋಚ್ ಬದಲಾದ್ರು. ಜೆ.ಬಿ. ಬಿಕರ್‌ಸ್ಟಾಫ್ ಬಂದ್ರು. ಟೋಬಿಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಅನ್ನೋ ಅನುಭವಿಗಳು ಬಂದ್ರು. ಯಾರೂ ಸೂಪರ್‌ಸ್ಟಾರ್‌ಗಳಲ್ಲ. ಆದ್ರೆ ದೂರದಿಂದ ಹಾಕ್ತಾರೆ. ಅವರನ್ನ ಕಾಯೋಕೆ ಎದುರಾಳಿ ಹೊರಗೆ ಬರಲೇಬೇಕು. ಆಗ ಮಧ್ಯದಲ್ಲಿ ದಾರಿ ಬಿಡುತ್ತೆ.

“ಮನೆ ಬಿದ್ದಿಲ್ಲ, ಎರಡು ಬಾಗಿಲು ಜಾಮ್ ಆಗಿದ್ವು ಅಷ್ಟೇ. ಹದಿನೈದು ಅಂತ ಬರೆದವರು ಹೋದ ವರ್ಷದ ಫೋಟೋಗೆ ಈ ವರ್ಷದ ತಾರೀಖು ಹಾಕಿದ್ದಾರೆ” ಅಂದ್ರು ಅಂಕಲ್.

ನನ್ನ ಸ್ವಂತ ಪಟ್ಟಿ

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇನ್ನೊಂದು ಪಟ್ಟಿ ಓಡ್ತಿತ್ತು. ನನ್ನ ಅಸೈನ್‌ಮೆಂಟ್ ಒಂದು ವರ್ಷದ್ದು. ಇನ್ನೂ ಮೂರು ವರ್ಷಕ್ಕೆ ಮುಂದುವರಿಸ್ತೀವಿ, 2025ರ ಮಾರ್ಚ್ ಒಳಗೆ ಹೇಳಿ ಅಂತ ಕಂಪನಿ ಕೇಳಿತ್ತು. ಒಪ್ಪಿದ್ರೆ ಗಂಡ ಕೆಲಸ ಬಿಟ್ಟು ಬರಬೇಕು. ಮಗಳ ಶಾಲೆ ಇಲ್ಲಿ ಶುರುವಾಗಬೇಕು. ಒಪ್ಪದಿದ್ರೆ ವಾಪಸ್ ಬೆಂಗಳೂರು, ಹಳೇ ಟೀಮು, ಬಡ್ತಿ ಇನ್ನೆರಡು ವರ್ಷ ದೂರ.

ತುಮಕೂರಿನಿಂದ ಅಪ್ಪ ಫೋನ್ ಮಾಡಿದ್ರು. “ಏನಮ್ಮಾ, ಆ ಊರು ಪಾಪರ್ ಆಗೋಗಿದ್ಯಂತಲ್ಲ? ಯೂಟ್ಯೂಬಲ್ಲಿ ನೋಡ್ದೆ. ಬರೀ ಪಾಳು ಬಿದ್ದ ಮನೆಗಳು. ಅಲ್ಲಿಗೆ ಮಗೂನ ಕರ್ಕೊಂಡ್ ಹೋಗ್ತೀಯಾ?”

ಅಪ್ಪನ ಭಯ ಸುಳ್ಳಲ್ಲ. ಜೊತೆಗೆ ನನಗೆ ಗೊತ್ತಿದ್ದ, ಅವರಿಗೆ ಹೇಳದ ಇನ್ನೊಂದು ಭಯವೂ ಇತ್ತು. 2024ರಲ್ಲಿ ಇಲ್ಲಿನ ದೊಡ್ಡ ಕಾರು ಕಂಪನಿಗಳು ಎಲೆಕ್ಟ್ರಿಕ್ ವಾಹನಗಳ ಕೆಲವು ಯೋಜನೆಗಳನ್ನ ಮುಂದೂಡಿದ್ವು, ಕೆಲವನ್ನ ಕೈಬಿಟ್ವು. ನನ್ನ ಅನ್ನ ಇರೋದೇ ಬ್ಯಾಟರಿಯಲ್ಲಿ. ಎರಡು ವರ್ಷದ ಹಿಂದೆ ಎಲ್ಲರೂ ಬರೆದಿದ್ದ ಅಂದಾಜು ಒಂದು, ಆದದ್ದೇ ಒಂದು.

ನಾನು ಅಂಕಲ್ ಲೆಕ್ಕವನ್ನೇ ಹಿಡಿದೆ. ಅಪ್ಪ ನೋಡಿದ ವಿಡಿಯೋ ಯಾವ ವರ್ಷದ್ದು? 2014ರದ್ದು. ಅವರು ನೋಡಿದ ಪಾಳು ಕಟ್ಟಡಗಳಲ್ಲಿ ಒಂದು ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ. ದಶಕಗಳ ಕಾಲ ಕಿಟಕಿ ಗಾಜಿಲ್ಲದೆ ನಿಂತಿದ್ದ ಅದನ್ನ ಫೋರ್ಡ್ ಕಂಪನಿ 2018ರಲ್ಲಿ ಕೊಂಡು, ದುರಸ್ತಿ ಮಾಡಿ, 2024ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ನಾನೇ ಒಳಗೆ ಹೋಗಿ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಆ ಎತ್ತರದ ಕಮಾನು ಚಾವಣಿ ತೋರಿಸಿದೆ. “ಇದು ಅದೇನಾ?” ಅಂತ ಎರಡು ಸಲ ಕೇಳಿದ್ರು. ಒಪ್ಪಿಗೆ ಕೊಡಲಿಲ್ಲ. ಆದ್ರೆ ಪ್ರಶ್ನೆ ಬದಲಾಯ್ತು. “ಶಾಲೆ ಎಷ್ಟು ದೂರ?” ಅಂದ್ರು.

ಇತ್ತ ಸೀಸನ್ ನಡೀತಿತ್ತು. ಹೊಸ ವರ್ಷದ ದಿನವೇ ಜೇಡನ್ ಐವಿ ಕಾಲು ಮುರಿಯಿತು. ಇನ್ನೇನು ಮುಗೀತು ಅಂದ್ರು ಪ್ಯಾಂಟ್ರಿಯಲ್ಲಿ. ಮುಗೀಲಿಲ್ಲ. ಬೀಸ್ಲಿ ಆ ಸೀಸನ್‌ನಲ್ಲಿ 319 ತ್ರೀ-ಪಾಯಿಂಟರ್ ಹಾಕಿದ. ಏಪ್ರಿಲ್‌ಗೆ ಪಿಸ್ಟನ್ಸ್ 44 ಗೆಲುವು, 38 ಸೋಲು, ಈಸ್ಟ್‌ನಲ್ಲಿ 6ನೇ ಸ್ಥಾನ. ಹಿಂದಿನ ವರ್ಷದ ಗೆಲುವನ್ನ ಮೂರು ಪಟ್ಟು ದಾಟಿಸಿತ್ತು. ಒಂಬತ್ತು ಅಂದ ಅಂಕಲ್ ಕೂಡ ಕಡಿಮೆಯೇ ಹೇಳಿದ್ರು.

ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ಎದುರು ಎರಡು ಮ್ಯಾಚ್ ಗೆದ್ರು, ಎರಡೂ ನ್ಯೂಯಾರ್ಕ್‌ನಲ್ಲಿ. ತವರಿನ ಮೂರೂ ಸೋತ್ರು. ಮೇ 1ರ ಆರನೇ ಮ್ಯಾಚ್ ಮೂರೇ ಪಾಯಿಂಟ್‌ನಿಂದ ಹೋಯ್ತು. ಆ ರಾತ್ರಿ ನಾನು ವುಡ್‌ವರ್ಡ್ ಟ್ರಾಮ್‌ನಲ್ಲಿದ್ದೆ. ಕೇಡ್‌ನ 2ನೇ ನಂಬರ್ ಜರ್ಸಿ ಹಾಕಿಕೊಂಡ ಜನ ತುಂಬಿದ್ರು, ಒಬ್ಬರೂ ಮಾತಾಡ್ತಿರಲಿಲ್ಲ. ಇಳಿಯುವಾಗ ಒಬ್ಬಾಕೆ ಯಾರಿಗೋ ಅನ್ನೋ ಹಾಗೆ “ಅಕ್ಟೋಬರ್‌ಗೆ ಸಿಗೋಣ” ಅಂದ್ಲು.

ನಾನು ಮಾರ್ಚ್‌ನಲ್ಲೇ ಕಂಪನಿಗೆ ಹೂಂ ಅಂದಿದ್ದೆ. ಬ್ಯಾಸ್ಕೆಟ್‌ಬಾಲ್ ನೋಡಿ ಅಲ್ಲ. ಶಾಲೆ, ಬಾಡಿಗೆ, ಗಂಡನಿಗೆ ಕೆಲಸದ ಅವಕಾಶ, ಎಲ್ಲ ಕೂತು ಬರೆದು ನೋಡಿ. ಆದ್ರೆ ಈ ಊರಿನ ಬಗ್ಗೆ ಯಾರೋ ಬರೆದ ಸ್ಥಾನವನ್ನ ಹಾಗೇ ಎತ್ತಿಕೊಳ್ಳಬಾರದು, ಅದು ಯಾವ ವರ್ಷದ ಲೆಕ್ಕ ಅಂತ ಕೇಳಬೇಕು ಅನ್ನೋದನ್ನ ಕಲಿತದ್ದು ಆ ನ್ಯಾಪ್‌ಕಿನ್‌ನಿಂದ.

ಇನ್ನೊಂದು ಬದಿ

ಹಾಗಂತ ಇದು ‘ನಂಬಿಕೆ ಇಟ್ರೆ ಎಲ್ಲ ಆಗುತ್ತೆ’ ಅನ್ನೋ ಕಥೆ ಅಲ್ಲ. ಅದೇ ಸೀಸನ್‌ನಲ್ಲಿ ಫಿಲಡೆಲ್ಫಿಯಾವನ್ನ ಬಹಳ ಜನ ಮೇಲಿನ ಸಾಲಿನಲ್ಲಿ ಬರೆದಿದ್ರು. ಪಾಲ್ ಜಾರ್ಜ್‌ನಂಥ ದೊಡ್ಡ ಹೆಸರು ಸೇರಿತ್ತು. ಆದ್ರೆ ಜೋಯಲ್ ಎಂಬೀಡ್ ಗಾಯದಿಂದ ಆಡಿದ್ದು 19 ಮ್ಯಾಚ್ ಮಾತ್ರ. ಗೆದ್ದದ್ದು 24. ಡಲ್ಲಾಸ್ ಫೆಬ್ರುವರಿಯಲ್ಲಿ ಲುಕಾ ಡಾನ್‌ಚಿಚ್‌ನನ್ನೇ ಲೇಕರ್ಸ್‌ಗೆ ಕೊಟ್ಟುಬಿಟ್ಟಿತು. ಅಕ್ಟೋಬರ್‌ನಲ್ಲಿ ಅದನ್ನ ಯಾರು ಬರೆಯೋಕಾಗುತ್ತೆ? ಒಂದು ಹಿಮ್ಮಡಿ ನರ, ಒಂದು ಫೋನ್ ಕರೆ, ಇಷ್ಟಕ್ಕೇ ಪಟ್ಟಿ ಕಿತ್ತುಹೋಗುತ್ತೆ.

ಅದಕ್ಕೇ ನಾವೂ ಆರು ತಿಂಗಳ ಖರ್ಚಿನ ಹಣ ಬೇರೆ ತೆಗೆದಿಟ್ಟಿದ್ದೀವಿ. ಬೆಂಗಳೂರಿನ ಮನೆ ಮಾರಿಲ್ಲ, ಬಾಡಿಗೆಗೆ ಕೊಟ್ಟಿದ್ದೀವಿ. ಪಟ್ಟಿಯನ್ನ ಧೈರ್ಯವಾಗಿ ಬರೀಬೇಕು, ಜೇಬಲ್ಲಿ ರಬ್ಬರ್ ಇಟ್ಟುಕೊಂಡಿರಬೇಕು.

ಮುಂದಿನ ಸಲ

2025ರ ಜುಲೈನಲ್ಲಿ ಗಂಡ, ಮಗಳು ಬಂದ್ರು. 2025-26ರ ಸೀಸನ್ ಅಕ್ಟೋಬರ್ 21ಕ್ಕೆ ಶುರುವಾಯ್ತು. ಈಸ್ಟ್ ಆ ಸಲ ಬಾಗಿಲು ತೆರೆದ ಮನೆಯಾಗಿತ್ತು. ಬಾಸ್ಟನ್‌ನ ಜೇಸನ್ ಟೇಟಮ್, ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ ಇಬ್ಬರದೂ ಅದರ ಹಿಂದಿನ ಪ್ಲೇಆಫ್‌ನಲ್ಲಿ ಹಿಮ್ಮಡಿ ನರ ಹರಿದಿತ್ತು. ಒರ್ಲ್ಯಾಂಡೊ ಡೆಸ್ಮಂಡ್ ಬೇನ್‌ನನ್ನ ತಂದಿತ್ತು. ಅಟ್ಲಾಂಟಾ ಪೋರ್ಜಿಂಗಿಸ್‌ನನ್ನ ತಂದಿತ್ತು. ಆಗ ನಾನು ಬರೆದ ಮೊದಲ ಆರು: ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್, ಒರ್ಲ್ಯಾಂಡೊ, ಡೆಟ್ರಾಯಿಟ್, ಅಟ್ಲಾಂಟಾ, ಮಿಲ್ವಾಕೀ. ವೆಸ್ಟ್‌ನಲ್ಲಿ ಒಕ್ಲಹೋಮಾ ಸಿಟಿ ಮೇಲೆ ಯಾರನ್ನ ಬರೆಯೋಕೂ ಕೈ ಬರಲಿಲ್ಲ, ಅದರ ಹಿಂದಿನ ಸಲ 68 ಗೆದ್ದು ಕಪ್ಪನ್ನೂ ಎತ್ತಿದ ತಂಡ. ಗಂಡ ಎಕ್ಸೆಲ್ ಹಾಳೆ ಮಾಡಿ, ಮೊತ್ತ ಸರಿಯಾಗಿ 1,230 ತಂದು, ಪಿಸ್ಟನ್ಸ್‌ನ ಏಳಕ್ಕೆ ಇಳಿಸಿದ್ರು. ಮನೆಯಲ್ಲಿ ಆ ಬಗ್ಗೆ ದಿನಾ ಚರ್ಚೆ ನಡೀತಿತ್ತು.

ನೀವು ಕೆಲಸದ ಮೇಲೋ ನೆಂಟರ ಮನೆಗೋ ಈ ಕಡೆ ಬಂದ್ರೆ, ಅಕ್ಟೋಬರ್ ಕೊನೆ ಒಳ್ಳೇ ಸಮಯ. ಬೆಳಗ್ಗೆ ಸೈಡರ್ ಮಿಲ್. ಮಧ್ಯಾಹ್ನ ಮ್ಯೂಸಿಯಂನಲ್ಲಿ ರಿವೆರಾ ಗೋಡೆಗಳ ಮುಂದಿನ ಬೆಂಚಿನಲ್ಲಿ ಅರ್ಧ ಗಂಟೆ. ಅಲ್ಲಿಂದ ಟ್ರಾಮ್ ಹತ್ತಿ ಅರೀನಾ. ಮ್ಯಾಚ್ ಮುಗಿದ ಮೇಲೆ ನದಿ ದಂಡೆಗೆ ಹೋಗಿ, ಆಚೆ ದಡದ ಕೆನಡಾದ ದೀಪ ನೋಡಿ. ಜಾಕೆಟ್ ಮರೀಬೇಡಿ, ಗಾಳಿ ಚುಚ್ಚುತ್ತೆ. ಪಕ್ಕದಲ್ಲಿ ನಿಂತವರನ್ನ “ಈ ವರ್ಷ ಎಷ್ಟನೇ ಸ್ಥಾನ?” ಅಂತ ಕೇಳಿ ನೋಡಿ. ಮುಕ್ಕಾಲು ಗಂಟೆ ಬಿಡಲ್ಲ ಅವರು ನಿಮ್ಮನ್ನ.